ಹತ್ತು ಮಳೆಗಾಲ ನಿಂತ ಅಂಬಾಸೆಡರ್ ಮಾರ್ಕ್ 2: ಸ್ಟಾರ್ಟ್ ಮಾಡುವ ಮೊದಲು ಎಲ್ಲೆಲ್ಲಿ, ಎಷ್ಟೆಷ್ಟು ಎಣ್ಣೆ?

ಪೆರ್ಲ_ಮಾರ್ಕ್2:

ಎಲ್ಲರಿಗೂ ನಮಸ್ಕಾರ. ಗಾಡಿ 1972ರ ಅಂಬಾಸೆಡರ್ ಮಾರ್ಕ್ 2, ಪೆಟ್ರೋಲ್, 1489 ಸಿಸಿ. ಪೆರ್ಲದ ಹತ್ತಿರ ಅಡಿಕೆ ಅಂಗಳದ ಪಕ್ಕ ತಗಡಿನ ಮಾಡಿನ ಕೆಳಗೆ ಹತ್ತು ಮಳೆಗಾಲ ನಿಂತಿದೆ. ಅಷ್ಟೂ ಸಮಯ ಎಂಜಿನ್ ತಿರುಗಿಲ್ಲ. ನಿಲ್ಲಿಸುವಾಗ ಹೊಗೆ ಇರಲಿಲ್ಲ, ಸದ್ದೂ ಇರಲಿಲ್ಲ.

ಈಗಿನ ಸ್ಥಿತಿ ಹೀಗೆ. ಮುಂದಿನಿಂದ ಹ್ಯಾಂಡಲ್ ಹಾಕಿದರೆ ಕಾಲಿಂಚು ಅಲುಗಿ ನಿಲ್ಲುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆಗಿಂತ ಅರ್ಧ ಇಂಚು ಜಾಸ್ತಿ ಉಂಟು. ಟ್ಯಾಪೆಟ್ ಕವರ್ ತೆಗೆದರೆ ಒಳಗೆ ಕಪ್ಪು ಗಸಿ, ರಾಕರ್‌ಗಳ (ವಾಲ್ವ್ ಒತ್ತುವ ತೋಳುಗಳ) ಮೇಲೆ ಕಂದು ಹುಡಿ. ಕಾರ್ಬುರೇಟರ್ ಎಸ್‌ಯು, ಏರ್ ಕ್ಲೀನರ್ ಆಯಿಲ್ ಬಾತ್, ಕರೆಂಟಿಗೆ ಡೈನಮೋ.

ಪ್ಲಗ್ ತೂತಿನಿಂದ ಎಂಥ ಸುರಿಯಬೇಕು, ಎಷ್ಟು ದಿನ ಬಿಡಬೇಕು? ಒಬ್ಬ ಮೆಕ್ಯಾನಿಕ್ ಚಿಮಿಣಿ ಎಣ್ಣೆ ಹಾಕಿ ಫ್ಲಶ್ ಮಾಡಿದರೆ ಗಸಿಯೆಲ್ಲ ಹೋಗ್ತದೆ ಅನ್ನುತ್ತಾರೆ, ಸರಿಯಾ? ಡಿಸ್ಟ್ರಿಬ್ಯೂಟರ್ ಕಿತ್ತು ಆ ತೂತಿನೊಳಗೆ ಡ್ರಿಲ್ ಮೆಷಿನ್ ಹಾಕಿ ಆಯಿಲ್ ಪಂಪ್ ತಿರುಗಿಸುವ ವಿಡಿಯೋ ನೋಡಿದೆ, ಇದರಲ್ಲೂ ಆಗ್ತದಾ? ಹೊಸ ಆಯಿಲ್ ಯಾವ ಗ್ರೇಡ್? ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸುವ ಯೋಚನೆ.

ಹಳೇಪಾನ_ಕುಂಬಳೆ:

ಮೊದಲು ಬ್ಯಾಟರಿ ಜೋಡಿಸಬೇಡಿ. ಜೀಪಿಗೆ ಕಟ್ಟಿ ಎಳೆಯುವುದಂತೂ ಬೇಡವೇ ಬೇಡ. ಕಾಲಿಂಚು ಅಲುಗುವುದು ಹ್ಯಾಂಡಲಿಗೂ ಕ್ರ್ಯಾಂಕ್ ತುದಿಯ ಡಾಗ್ ನಟ್ಟಿಗೂ ನಡುವಿನ ಸಡಿಲ ಅಷ್ಟೆ, ಕ್ರ್ಯಾಂಕ್ ತಿರುಗಿದ್ದಲ್ಲ. ರಿಂಗ್‌ಗಳು ತುಕ್ಕಿನಲ್ಲಿ ಬೋರಿಗೆ ಹಿಡಿದಿವೆ. ಎಳೆದರೆ ರಿಂಗ್ ತುಂಡಾಗ್ತದೆ, ಇಲ್ಲದಿದ್ದರೆ ಪಿಸ್ಟನ್ನಿನಲ್ಲಿ ಎರಡು ರಿಂಗ್‌ಗಳ ನಡುವಿನ ಅಂಚು ಒಡೀತದೆ. ಆಮೇಲೆ ಬೋರಿಂಗ್ ಖರ್ಚು.

ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಗುಳಿಗೆ ಸೈಕಲ್ ಪಂಪಿನಿಂದಾದರೂ ಗಾಳಿ ಹೊಡೆಯಿರಿ. ಅಡಿಕೆ ಸಿಪ್ಪೆಯ ಧೂಳು, ಇಲಿ ತಂದ ಕಸ ಎಲ್ಲ ಅಲ್ಲೇ ಕೂತಿರ್ತದೆ, ಪ್ಲಗ್ ತೆಗೆದ ಕೂಡಲೇ ನೇರ ಬೋರಿನೊಳಗೆ. ಆಮೇಲೆ ಡೀಸೆಲ್ ಅರ್ಧ, ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಟಿಎಫ್ ಅರ್ಧ ಬೆರೆಸಿ, ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಸಿಲಿಂಡರಿಗೆ 30 ಮಿಲಿ ಬಿಡಿ. ಡೀಸೆಲ್ ತೆಳ್ಳಗಿರುವ ಕಾರಣ ತುಕ್ಕಿನ ಸಂದಿಗೆ ಇಳೀತದೆ, ಎಟಿಎಫ್ ಅಲ್ಲಿಯೇ ನಿಂತು ಜಾರು ಕೊಡ್ತದೆ. ಅಸಿಟೋನ್ ಬೆರೆಸುವವರೂ ಇದ್ದಾರೆ, ಇಳಿಯುವುದು ಬೇಗ ನಿಜ. ಆದರೆ ಎಟಿಎಫ್ ಜೊತೆ ಸರಿಯಾಗಿ ಕೂಡುವುದಿಲ್ಲ, ಬೇಗ ಆರಿ ಹೋಗ್ತದೆ, ಪೈಂಟಿಗೆ ತಾಗಿದರೆ ಪೈಂಟ್ ಏಳ್ತದೆ, ಬೆಂಕಿಯ ಭಯ ಬೇರೆ. ತೆಂಗಿನೆಣ್ಣೆ ಹಾಕಿ ಅಂತ ಹೇಳುವವರೂ ಸಿಗ್ತಾರೆ ನಮ್ಮ ಕಡೆ. ಬೇಡ ಮಾರಾಯ್ರೇ. ಚಳಿಗೆ ಗಟ್ಟಿಯಾಗುವ ಎಣ್ಣೆ ಅದು, ದಿನ ಹೋದ ಹಾಗೆ ಅಂಟಾಗ್ತದೆ.

30 ಮಿಲಿಗಿಂತ ಜಾಸ್ತಿ ಒಂದೇ ಸಲ ಸುರಿಯಬಾರದು ಅನ್ನುವುದಕ್ಕೆ ಲೆಕ್ಕ ಉಂಟು. ಒಂದು ಸಿಲಿಂಡರ್ 372 ಸಿಸಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 50ರಿಂದ 60 ಮಿಲಿ ಮಾತ್ರ. ಎಣ್ಣೆ ಕುಗ್ಗುವ ವಸ್ತು ಅಲ್ಲ. ಪ್ಲಗ್ ಬಿಗಿದು, ಒಳಗೆ ಎಣ್ಣೆ ತುಂಬಿಸಿ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆದ್ದರಿಂದ ಪ್ಲಗ್ ಬಾಯಿಗೆ ಬಟ್ಟೆ ಮಾತ್ರ ಸಾಕು.

ದಿನಕ್ಕೆ 10 ಮಿಲಿ ಸೇರಿಸುತ್ತಾ ನಾಲ್ಕರಿಂದ ಏಳು ದಿನ ಬಿಡಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನೇ ಹಿಂದೆ ಮುಂದೆ ದೂಡಿ. ಟಾಪ್ ಗೇರಿನಲ್ಲಿ ಒಂದು ಮೀಟರ್ ದೂಡಿದರೆ ಕ್ರ್ಯಾಂಕ್ ಎರಡು ಸುತ್ತು ಬರ್ತದೆ. ಚಕ್ರದ ಮೂಲಕ ಬರುವ ಬಲ ನಯವಾಗಿರ್ತದೆ, ಹ್ಯಾಂಡಲಿನ ಹಾಗೆ ಒಮ್ಮೆಲೇ ಜಗ್ಗುವುದಿಲ್ಲ. ಅಲುಗಿತು ಅಂತ ಖುಷಿಯಲ್ಲಿ ಪೂರ್ತಿ ದೂಡಬೇಡಿ. ಸ್ವಲ್ಪ ಮುಂದೆ, ಅಷ್ಟೇ ಹಿಂದೆ. ತುಕ್ಕಿನ ಹುಡಿ ಎಣ್ಣೆಯಲ್ಲಿ ತೊಳೆದು ಹೋಗಬೇಕು, ರಿಂಗಿನ ಕೆಳಗೆ ಅರೆಯಬಾರದು. ಹ್ಯಾಂಡಲ್ ಹಿಡಿಯುವುದಾದರೆ ಹೆಬ್ಬೆರಳು ಉಳಿದ ಬೆರಳುಗಳ ಬದಿಯಲ್ಲೇ ಇರಲಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ತುಳಿಯುವ ಹಾಗೆ ಒತ್ತಬೇಡಿ.

ಒಂದು ಮುಖ್ಯ ಮಾತು. ಕ್ರ್ಯಾಂಕ್ ತಿರುಗಲಿಕ್ಕೆ ಶುರುವಾದಾಗ ಎಂಟೂ ವಾಲ್ವ್‌ಗಳ ಮೇಲೆ ಕಣ್ಣಿರಲಿ. ತೇವದಲ್ಲಿ ಎಕ್ಸಾಸ್ಟ್ ವಾಲ್ವ್ ಗೈಡಿನೊಳಗೆ ಹಿಡಿಯುವುದು ಸಾಮಾನ್ಯ. ತೆರೆದ ವಾಲ್ವ್ ವಾಪಸು ಮುಚ್ಚದಿದ್ದರೆ ಆ ರಾಕರ್ ಸಡಿಲವಾಗಿ ಅಲ್ಲಾಡ್ತದೆ. ಮುಚ್ಚಿದಲ್ಲೇ ಹಿಡಿದಿದ್ದರೆ ರಾಕರನ್ನು ತಳ್ಳುವ ಸಲಾಕೆ, ಪುಷ್‌ರಾಡ್, ಬಗ್ಗುತ್ತದೆ. ಎರಡರಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ.

ಚೇಂಬರಿನ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯ) ಹಳೇ ಆಯಿಲ್ ಈಗಲೇ ಬದಲಿಸಬೇಡಿ. ಮೇಲೆ ಹಾಕಿದ ಡೀಸೆಲ್ ರಿಂಗ್ ದಾಟಿ ಅಲ್ಲಿಗೇ ಇಳಿಯುವುದು. ಮೊದಲೇ ಹೊಸ ಆಯಿಲ್ ತುಂಬಿಸಿದರೆ ನಾಲ್ಕು ಲೀಟರ್ ದುಡ್ಡು ನೀರಿಗೆ ಹಾಕಿದ ಹಾಗೆ. ಎಂಜಿನ್ ಸಡಿಲವಾದ ಮೇಲೆ ಡ್ರೈನ್ ಬೋಲ್ಟನ್ನು ಎರಡು ಸುತ್ತು ಮಾತ್ರ ಬಿಚ್ಚಿ, ಕೆಳಗೆ ಗಾಜಿನ ಬಾಟ್ಲಿ ಹಿಡಿಯಿರಿ. ನೀರಿದ್ದರೆ ಅದೇ ಮೊದಲು ಬರ್ತದೆ. ಲೆವೆಲ್ ಅರ್ಧ ಇಂಚು ಏರಿದ್ದು ಬರೇ ಹವೆಯ ಪಸೆಯಿಂದ ಆಗುವಂಥದ್ದಲ್ಲ. ರೇಡಿಯೇಟರ್ ಮುಚ್ಚಳ ತೆಗೆದು ನೀರು ಎಷ್ಟುಂಟು ನೋಡಿ ಇಲ್ಲಿ ಬರೆಯಿರಿ.

ಮುಳ್ಳೇರಿಯ_ಲೇತ್:

ಚಿಮಿಣಿ ಎಣ್ಣೆಯ ಫ್ಲಶ್‌ಗೆ ನನ್ನ ವಿರೋಧ ಉಂಟು. ಗಸಿ ಹೋಗ್ತದೆ ಅನ್ನುವುದು ಸರಿ, ಎಲ್ಲಿಗೆ ಹೋಗ್ತದೆ ಅನ್ನುವುದೇ ಪ್ರಶ್ನೆ. ಹತ್ತು ವರ್ಷ ಗೋಡೆಗೆ ಅಂಟಿ ಕೂತದ್ದು ತಟ್ಟೆ ತಟ್ಟೆಯಾಗಿ ಕಳಚಿ ಚೇಂಬರಿಗೆ ಬೀಳ್ತದೆ, ಅಲ್ಲಿಂದ ಆಯಿಲ್ ಪಂಪಿನ ಸ್ಟ್ರೈನರ್ ಜಾಲರಿಗೆ ಕಟ್ಟಿಕೊಳ್ತದೆ. ಪ್ರೆಶರ್ ಬೀಳುವುದು ಆಗ. ಅದರ ಮೇಲೆ ಚಿಮಿಣಿ ಎಣ್ಣೆಗೆ ಬೇರಿಂಗಿನಲ್ಲಿ ಪದರ ಕಟ್ಟುವ ಶಕ್ತಿ ಇಲ್ಲ. ಎರಡು ನಿಮಿಷ ಓಡಿಸಿದರೂ ಕನೆಕ್ಟಿಂಗ್ ರಾಡಿನ ಬುಡದ ಬಿಗ್ ಎಂಡ್ ಬೇರಿಂಗ್ ಒಣ ಉಜ್ಜುತ್ತದೆ.

ಸರಿಯಾದ ದಾರಿ ಚೇಂಬರ್ ಇಳಿಸುವುದು. ಜಾಲರಿಯನ್ನು ಬ್ರಶ್ ಹಾಕಿ ತೊಳೆಯಿರಿ, ಚೇಂಬರಿನ ತಳದ ಗಸಿಯನ್ನು ಮರದ ಚಕ್ಕೆಯಿಂದ ಕೆರೆಯಿರಿ. ಚಿಮಿಣಿ ಎಣ್ಣೆಯ ಉಪಯೋಗ ಇಲ್ಲುಂಟು, ಬಿಚ್ಚಿ ಹೊರಗಿಟ್ಟ ಭಾಗ ತೊಳೆಯಲಿಕ್ಕೆ. ಹಳೇ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಅಯಸ್ಕಾಂತಕ್ಕೆ ಹಿಡಿಯದ ಬೂದು ಚೂರು ಸ್ವಲ್ಪ ಇರಬಹುದು. ತಾಮ್ರದ ಬಣ್ಣದ ಹೊಳಪು ಕಂಡರೆ ಬೇರಿಂಗಿನ ಮೇಲಿನ ಪದರ ಸವೆದು ಒಳಗಿನದು ಬಂದಿದೆ ಅಂತ ಅರ್ಥ, ಮುಂದುವರಿಯುವ ಮೊದಲು ಕ್ಯಾಪ್ ತೆಗೆದು ನೋಡಲೇಬೇಕು. ವಾಪಸು ಕೂರಿಸುವಾಗ ಕಾರ್ಕ್ ಪ್ಯಾಕಿಂಗ್ ಹೊಸದು ಹಾಕಿ. ಒಣಗಿ ಕುಗ್ಗಿದ ಕಾರ್ಕನ್ನು ಅರ್ಧ ಗಂಟೆ ನೀರಿನಲ್ಲಿಟ್ಟರೆ ಅಳತೆಗೆ ಬರ್ತದೆ. ಬೋಲ್ಟ್ ಎಲ್ಲ ಇಂಚಿನ ಅಳತೆ. 1/2 ಇಂಚಿನ ತಲೆಗೆ 13 ಎಂಎಂ ಪಾನ ಹಾಕಿದರೆ ಕೂತ ಹಾಗೆ ಕಾಣ್ತದೆ, ಆದರೆ 1/2 ಇಂಚು ಅಂದರೆ 12.7. ಎರಡು ಸಲ ಬಿಚ್ಚುವಾಗ ಮೂಲೆ ಉರುಟಾಗ್ತದೆ.

ಡ್ರಿಲ್ ವಿಷಯ: ಇದರಲ್ಲಿ ಆಗುವುದಿಲ್ಲ. ನೀವು ನೋಡಿದ್ದು ಅಮೆರಿಕದ ಯಾವುದೋ ವಿ8 ಇರಬೇಕು, ಅವುಗಳಲ್ಲಿ ಡಿಸ್ಟ್ರಿಬ್ಯೂಟರ್ ಶಾಫ್ಟೇ ಕೆಳಗೆ ಇಳಿದು ಆಯಿಲ್ ಪಂಪನ್ನು ತಿರುಗಿಸ್ತದೆ. ನಿಮ್ಮದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್. ಇಲ್ಲಿ ಡಿಸ್ಟ್ರಿಬ್ಯೂಟರಿಗೆ ಬೇರೆ ಗೇರ್, ಆಯಿಲ್ ಪಂಪಿಗೆ ಬೇರೆ ಗೇರ್, ಎರಡೂ ಕ್ಯಾಮ್‌ಶಾಫ್ಟಿನಿಂದ ಪ್ರತ್ಯೇಕವಾಗಿ ಓಡ್ತವೆ. ಡಿಸ್ಟ್ರಿಬ್ಯೂಟರ್ ತೂತಿನಲ್ಲಿ ಎಷ್ಟು ಡ್ರಿಲ್ ತಿರುಗಿಸಿದರೂ ಪಂಪಿಗೆ ಗೊತ್ತೇ ಆಗುವುದಿಲ್ಲ, ಟೈಮಿಂಗ್ ತಪ್ಪಿಸಿಕೊಂಡದ್ದು ಮಾತ್ರ ಲಾಭ.

ಆಯಿಲ್ 20ಡಬ್ಲ್ಯು-50 ಮಿನರಲ್. ಫಿಲ್ಟರ್ ಸೇರಿ ಹೆಚ್ಚುಕಮ್ಮಿ 4 ಲೀಟರ್ ಹಿಡೀತದೆ. ಮೊದಲು ಮೂರೂವರೆ ಹಾಕಿ, ಉಳಿದದ್ದು ಡಿಪ್‌ಸ್ಟಿಕ್ ನೋಡಿಕೊಂಡು.

ಹಳೇಪಾನ_ಕುಂಬಳೆ:

ಲೇತ್ ಅಣ್ಣ, ಗ್ರೇಡಿನಲ್ಲಿ ಸ್ವಲ್ಪ ಭಿನ್ನಮತ. ಲಾರಿಗೆ ಹಾಕುವ 15ಡಬ್ಲ್ಯು-40, ಸಿಐ-4 ದರ್ಜೆಯ ಡೀಸೆಲ್ ಆಯಿಲ್ ಇದಕ್ಕೆ ಒಳ್ಳೆಯದು. ಈ ಎಂಜಿನ್ನಿನಲ್ಲಿ ಟ್ಯಾಪೆಟ್ ಕ್ಯಾಮ್ ಮೇಲೆ ಉರುಳುವುದಿಲ್ಲ, ಜಾರುತ್ತದೆ. ಆ ಉಜ್ಜಾಟ ತಡೆಯುವುದು ಆಯಿಲಿನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ, ಝಡ್‌ಡಿಡಿಪಿ. ಹೊಸ ಪೆಟ್ರೋಲ್ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ 5ಡಬ್ಲ್ಯು-30ರಂಥ ತೆಳು ಆಯಿಲ್‌ಗಳಲ್ಲಿ ರಂಜಕವನ್ನು 0.08 ಶೇಕಡಕ್ಕೆ ಇಳಿಸಿದ್ದಾರೆ. ಸಿಐ-4ಗೆ ಆ ಮಿತಿ ಇಲ್ಲ. ಅಂಬಾಸೆಡರಿಗೆ ಕನ್ವರ್ಟರೂ ಇಲ್ಲ.

ಮುಳ್ಳೇರಿಯ_ಲೇತ್:

ಆ ಮಿತಿ 20ಡಬ್ಲ್ಯು-50ಕ್ಕೂ ಅನ್ವಯಿಸುವುದಿಲ್ಲ, ತೆಳು ಗ್ರೇಡ್‌ಗಳಿಗೆ ಮಾತ್ರ. ಸವೆದ ಬೇರಿಂಗ್, ಸವೆದ ಪಂಪ್ ಇರುವಲ್ಲಿ ಬಿಸಿಯಾದ ಮೇಲೆ 50ರ ದಪ್ಪವೇ ಪ್ರೆಶರ್ ಹಿಡಿಯುವುದು. ಆದರೆ ಒಂದು ಒಪ್ಪುತ್ತೇನೆ: ಮೊದಲ ಅರ್ಧ ಗಂಟೆಗೆ ಹಾಕಿ ಚೆಲ್ಲುವ ಆಯಿಲಿಗೆ 15ಡಬ್ಲ್ಯು-40 ಸರಿ. ಅಗ್ಗ, ಬೇಗ ಹರೀತದೆ, ಕೊಳೆ ಎತ್ತುವ ಗುಣವೂ ಜಾಸ್ತಿ. ಅದನ್ನು ಬಸಿದು 20ಡಬ್ಲ್ಯು-50 ತುಂಬಿಸಿ.

ಪೆರ್ಲ_ಮಾರ್ಕ್2:

ಎಲ್ಲ ಹೇಳಿದ ಹಾಗೆ ಮಾಡಿದ್ದೇನೆ. ಐದನೇ ದಿನ ಗಾಡಿ ದೂಡುವಾಗ ಕ್ರ್ಯಾಂಕ್ ಬಿಟ್ಟಿತು, ಈಗ ಹ್ಯಾಂಡಲಿನಲ್ಲಿ ಪೂರ್ತಿ ಸುತ್ತು ಬರ್ತದೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಲ್ಲೇ ಹಿಡಿದಿದೆ. ಡ್ರೈನ್ ಬೋಲ್ಟಿನಿಂದ ಮೊದಲು ಬಂದದ್ದು ನೀರು, ಸುಮಾರು 300 ಮಿಲಿ, ತುಕ್ಕಿನ ಬಣ್ಣ. ರೇಡಿಯೇಟರಿನಲ್ಲಿ ಮೇಲಿನ ಟ್ಯಾಂಕ್ ಖಾಲಿ. ಆಯಿಲಿನಲ್ಲಿ ತಾಮ್ರದ ಹೊಳಪು ಇಲ್ಲ. ರಾಕರ್ ಶಾಫ್ಟಿನ ತೂತುಗಳು ಗಸಿಯಲ್ಲಿ ಮುಚ್ಚಿ ಹೋಗಿವೆ. ಶಾಫ್ಟ್ ಬಿಚ್ಚಿ ತೊಳೆಯಬಹುದಲ್ಲ?

ಹಳೇಪಾನ_ಕುಂಬಳೆ:

ನಿಲ್ಲಿ, ಶಾಫ್ಟಿನ ನಟ್ ಮುಟ್ಟಬೇಡಿ. ಬಿ ಸೀರೀಸಿನಲ್ಲಿ ಜನ ಎಡವುವುದು ಇಲ್ಲಿಯೇ. ರಾಕರ್ ಪೆಡೆಸ್ಟಲ್ (ಶಾಫ್ಟ್ ಕೂರುವ ಕಂಬ) ಹಿಡಿದಿರುವ ಎಂಟು ನಟ್‌ಗಳಲ್ಲಿ ನಾಲ್ಕು ಹೆಡ್ಡಿನ ಸ್ಟಡ್ಡಿನವು. ಅವನ್ನು ಮಾತ್ರ ಸಡಿಲಿಸಿದರೆ ಹೆಡ್ಡಿನ ಒಂದು ಬದಿಯ ಹಿಡಿತ ಹೋಗಿ ಇನ್ನೊಂದು ಬದಿ ಬಿಗಿಯಾಗಿಯೇ ಉಳೀತದೆ, ಹೆಡ್ ಸೊಟ್ಟಗಾಗ್ತದೆ, ಹೆಡ್ ಪ್ಯಾಕಿಂಗ್ ದಾಟಿ ನೀರು ಚೇಂಬರಿಗೆ ಇಳೀತದೆ. ಹಾಗಾಗಿ ಮೊದಲು ನೀರು ಬಸಿದು, ಹೆಡ್ಡಿನ ಎಲ್ಲ ನಟ್‌ಗಳನ್ನೂ ಬಿಗಿಯುವ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ, ಒಂದೊಂದನ್ನು ಕಾಲು ಸುತ್ತಿನಂತೆ ಸಡಿಲಿಸಬೇಕು. ಬ್ಲಾಕಿನ ಡ್ರೈನ್ ಟ್ಯಾಪ್ ತಿರುಗಿಸಿದರೆ ಸಾಲದು, ತುಕ್ಕು ಕಟ್ಟಿರ್ತದೆ, ತಂತಿ ಹಾಕಿ ಚುಚ್ಚಿ.

ನಿಮ್ಮ ಗಾಡಿಯಲ್ಲಿ ಹೇಗೂ ಹೆಡ್ ಎತ್ತಲೇಬೇಕು. ರೇಡಿಯೇಟರ್ ಇಳಿದದ್ದು, ಚೇಂಬರ್ ಏರಿದ್ದು ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ. ಹೆಡ್ ಪ್ಯಾಕಿಂಗ್ ಹೋಗಿದೆ, ಅಥವಾ ಹೆಡ್ಡಿನಲ್ಲಿ ಕ್ರ್ಯಾಕ್ ಉಂಟು. ಎತ್ತಿದ ಮೇಲೆ ವರ್ಕ್‌ಶಾಪಿನಲ್ಲಿ ನೀರಿನ ಪ್ರೆಶರ್ ಟೆಸ್ಟ್ ಮಾಡಿಸಿ, ಮಟ್ಟ ಹಿಡಿದು ನೋಡಿಸಿ. ಹಿಡಿದ ವಾಲ್ವನ್ನು ಮೇಜಿನ ಮೇಲೆಯೇ ತೆಗೆಯಬಹುದು, ಸುತ್ತಿಗೆಯ ಪೆಟ್ಟು ಬೇಕಾಗುವುದಿಲ್ಲ.

ರಾಕರ್ ಶಾಫ್ಟಿನ ಒಂದು ತುದಿಯಲ್ಲಿ ಸ್ಕ್ರೂ ಪ್ಲಗ್ ಇರ್ತದೆ. ಅದನ್ನು ತೆಗೆದು ಒಳಗಿನ ಕೊಳವೆಗೆ ತಂತಿ, ಆಮೇಲೆ ಚಿಮಿಣಿ ಎಣ್ಣೆ, ಆಮೇಲೆ ಗಾಳಿ. ಪ್ರತಿ ರಾಕರಿನ ಕೆಳಗಿನ ತೂತೂ ತೆರೆದಿದೆಯಾ ನೋಡಿ. ಇಡೀ ಶಾಫ್ಟಿಗೆ ಆಯಿಲ್ ಬರುವುದು ಒಂದೇ ಒಂದು ಪೆಡೆಸ್ಟಲ್ ಮೂಲಕ. ಅದರೊಳಗಿನ ದಾರಿ ಮುಚ್ಚಿದ್ದರೆ ಶಾಫ್ಟ್ ಎಷ್ಟು ತೊಳೆದರೂ ಮೇಲೆ ಒಣವೇ. ರಾಕರ್, ಸ್ಪ್ರಿಂಗ್, ವಾಷರ್ ಬಂದ ಸಾಲಿನಲ್ಲೇ ತಂತಿಗೆ ಪೋಣಿಸಿಡಿ. ಪುಷ್‌ರಾಡ್‌ಗಳನ್ನು ರಟ್ಟಿಗೆ ಎಂಟು ತೂತು ಮಾಡಿ ನಂಬರ್ ಹಾಕಿ ಸಿಕ್ಕಿಸಿ. ಎತ್ತುವಾಗ ಸ್ವಲ್ಪ ತಿರುಚಿ ಎತ್ತಿ, ಇಲ್ಲದಿದ್ದರೆ ಎಣ್ಣೆಯ ಹಿಡಿತಕ್ಕೆ ಟ್ಯಾಪೆಟ್ ಕೂಡ ಜೊತೆಗೆ ಬರ್ತದೆ. ಟ್ಯಾಪೆಟ್ ಅದಲುಬದಲಾಗಲೇಬಾರದು. ಒಂದೊಂದೂ ತನ್ನ ಕ್ಯಾಮಿಗೆ ಹೊಂದಿ ಸವೆದಿರ್ತದೆ, ಬೇರೆಯದರ ಮೇಲೆ ಕೂತರೆ ಎರಡೂ ಹಾಳು.

ಜೋಡಿಸುವಾಗ ಪುಷ್‌ರಾಡಿನ ಎರಡೂ ತುದಿ, ರಾಕರಿನ ಮೂಗು, ವಾಲ್ವ್ ಕಾಂಡ, ಎಲ್ಲಕ್ಕೂ ಅಸೆಂಬ್ಲಿ ಲೂಬ್ ಸವರಿ. ಸಿಗದಿದ್ದರೆ ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸನ್ನು ಎಂಜಿನ್ ಆಯಿಲಿನಲ್ಲಿ ಕಲಸಿ ತೆಳ್ಳಗೆ ಮಾಡಿ. ಬರೀ ಗ್ರೀಸ್ ಮೆತ್ತಬೇಡಿ, ಸಣ್ಣ ತೂತುಗಳನ್ನು ಅದೇ ಮುಚ್ಚುತ್ತದೆ. ಹೆಡ್ ಬಿಗಿದ ಮೇಲೆ ಹೊಸ ಆಯಿಲಿನಲ್ಲಿ ಕಾಲು ಲೀಟರನ್ನು ಪುಷ್‌ರಾಡ್ ತೂತುಗಳ ಮೂಲಕ ನಿಧಾನವಾಗಿ ಸುರಿಯಿರಿ. ಈ ಎಂಜಿನ್ನಿನ ಟ್ಯಾಪೆಟ್ ಬಕೆಟಿನ ಹಾಗೆ, ಒಳಗೆ ಆಯಿಲ್ ತುಂಬಿ, ಉಕ್ಕಿ ನೇರ ಕ್ಯಾಮಿನ ಮೇಲೆ ಇಳೀತದೆ. ಕ್ಯಾಮಿನ ಮೂತಿಗೆ ಪ್ರೆಶರ್ ಆಯಿಲ್ ಇಲ್ಲ, ಎರಚಾಟವೇ ಆಧಾರ, ಹಾಗಾಗಿ ಮೊದಲ ಸುತ್ತಿನ ಎಣ್ಣೆ ನೀವೇ ಕೊಡಬೇಕು.

ವಾಲ್ವ್ ಗ್ಯಾಪ್ ಮ್ಯಾನ್ಯುವಲಿನ ಅಳತೆಗೆ. ಯಾವಾಗ ಯಾವುದನ್ನು ಹಿಡಿಯಬೇಕು ಅನ್ನುವುದಕ್ಕೆ ಒಂಬತ್ತರ ಲೆಕ್ಕ, ಎರಡೂ ನಂಬರ್ ಕೂಡಿದರೆ ಒಂಬತ್ತು: ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದು, ಆರನೆಯದು ತೆರೆದಾಗ ಮೂರನೆಯದು, ಹೀಗೆ.

ಮುಳ್ಳೇರಿಯ_ಲೇತ್:

ಇನ್ನು ಪಂಪಿನ ವಿಷಯ. ಹತ್ತು ವರ್ಷ ಒಣಗಿದ ರೋಟರ್ ಪಂಪ್ ತಾನಾಗಿ ಆಯಿಲ್ ಎಳೆಯುವುದಿಲ್ಲ. ರೋಟರ್ ಸಂದಿಯಲ್ಲಿ ಆಯಿಲಿನ ಪದರ ಇದ್ದರೆ ಮಾತ್ರ ಅದಕ್ಕೆ ಎಳೆತ ಬರುವುದು, ಒಣ ಬಾವಿ ಪಂಪಿಗೆ ನೀರು ಎರೆಯುವ ಹಾಗೆಯೇ.

ಆಯಿಲ್ ಫಿಲ್ಟರ್ ಬಟ್ಟಲು ಬಿಚ್ಚಿ ಹೊಸ ಎಲಿಮೆಂಟ್ ಹಾಕಿ. ಬಟ್ಟಲಿನ ಬಾಯಿಗೆ ಕೂರುವ ರಬ್ಬರ್ ರಿಂಗ್ ಹಳೆಯದು ಬ್ಲಾಕಿನ ಸಂದಿಯೊಳಗೇ ಗಟ್ಟಿಯಾಗಿ ಅಂಟಿಕೊಂಡಿರ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಹೊಸದು ಕೂರಿಸಿದರೆ ಪ್ರೆಶರ್ ಬಂದ ಕೂಡಲೇ ಅರ್ಧ ನಿಮಿಷದಲ್ಲಿ ಆಯಿಲೆಲ್ಲ ನೆಲಕ್ಕೆ. ಸೂಜಿಯಿಂದ ಎಬ್ಬಿಸಿ ತೆಗೆಯಿರಿ. ಬಟ್ಟಲು ನೆಟ್ಟಗೆ ಕೂರುವ ಹಾಗಿದ್ದರೆ ಮುಕ್ಕಾಲು ಆಯಿಲ್ ತುಂಬಿಸಿಯೇ ಏರಿಸಿ.

ಆಮೇಲೆ ಬ್ಲಾಕಿನಲ್ಲಿ ಪ್ರೆಶರ್ ಗೇಜಿನ ಪೈಪ್ ಅಥವಾ ಸ್ವಿಚ್ ಕೂರುವ ತೂತು ತೆರೆದು, ಒತ್ತುವ ಎಣ್ಣೆ ಕ್ಯಾನಿನಿಂದ 200 ಮಿಲಿ ಒಳಗೆ ಬಿಡಿ. ಬಿಡುತ್ತಿರುವಾಗ ಇನ್ನೊಬ್ಬರು ನಾಲ್ಕನೇ ಗೇರಿನಲ್ಲಿ ಗಾಡಿಯನ್ನು ಒಂದು ಮೀಟರ್ ಹಿಂದಕ್ಕೆ ದೂಡಲಿ, ಪ್ಲಗ್‌ಗಳು ಹೊರಗೇ ಇರಲಿ. ಎಂಜಿನ್ ಉಲ್ಟಾ ತಿರುಗಿದಾಗ ಪಂಪ್ ಕೂಡ ಉಲ್ಟಾ ತಿರುಗಿ ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ದಾರಿಯ) ಆಯಿಲನ್ನು ತನ್ನೊಳಗೆ ಎಳೆದುಕೊಳ್ತದೆ. ನಿಧಾನವಾಗಿ, ಒಂದೇ ಸಲ ಸಾಕು, ಟೈಮಿಂಗ್ ಚೈನಿಗೆ ಜಗ್ಗು ಬೀಳಬಾರದು.

ಈಗ ಪೈಪ್ ಜೋಡಿಸಿ, ಕಾಯಿಲಿನ ವೈರ್ ತೆಗೆದು, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆಯಿರಿ. ಪ್ಲಗ್ ಇಲ್ಲದಿದ್ದರೆ ಕಂಪ್ರೆಶನ್ ಇಲ್ಲ, ಬೇರಿಂಗಿನ ಮೇಲೆ ಭಾರ ಇಲ್ಲ, ಅದೇ ಇದರ ಗುಟ್ಟು. 10 ಸೆಕೆಂಡು ಹೊಡೆದು ಒಂದು ನಿಮಿಷ ಬಿಡಿ, ಸೆಲ್ಫ್ ಬಿಸಿಯಾಗಬಾರದು. ಮೂರು ನಾಲ್ಕು ಸಲದಲ್ಲಿ ಮುಳ್ಳು ಏಳಬೇಕು ಅಥವಾ ಲೈಟ್ ಆರಬೇಕು. ಟ್ಯಾಪೆಟ್ ಕವರ್ ತೆರೆದಿಟ್ಟೇ ಮಾಡಿ, ಎಂಟೂ ರಾಕರಿನಲ್ಲಿ ಆಯಿಲ್ ಒಸರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಪ್ಲಗ್ ಹಾಕುವುದು. ಮುಳ್ಳು ಏಳದಿದ್ದರೆ ಹೊಡೆಯುತ್ತಾ ಕೂರಬೇಡಿ, ಗ್ಯಾಲರಿಗೆ ಇನ್ನೊಮ್ಮೆ ಆಯಿಲ್ ಕೊಡಿ. ಆಗಲೂ ಇಲ್ಲವೆಂದರೆ ಪ್ರೆಶರ್ ರಿಲೀಫ್ ವಾಲ್ವ್ ಗಸಿಯಲ್ಲಿ ತೆರೆದುಕೊಂಡೇ ಕೂತಿದೆಯಾ ನೋಡಿ.

ಸ್ಟಾರ್ಟ್ ಆದ ಮೇಲೆ 10 ಸೆಕೆಂಡಿನೊಳಗೆ ಪ್ರೆಶರ್ ಬರದಿದ್ದರೆ ಆಫ್. ಬಂದರೆ ತೀರಾ ಕಡಿಮೆ ಐಡ್ಲಿಂಗಿನಲ್ಲಿ ಬಿಡಬೇಡಿ, ಕ್ಯಾಮಿಗೆ ಎರಚಾಟ ಸಾಕಾಗುವುದಿಲ್ಲ. ಸಾವಿರದ ಇನ್ನೂರು ಸುತ್ತು ಇರಲಿ. ಬಿಸಿಯಾದ ಮೇಲೆ ಓಡುವಾಗ 50 ಪಿಎಸ್‌ಐ ಆಸುಪಾಸು, ಐಡ್ಲಿಂಗಿನಲ್ಲಿ 15 ಇದ್ದರೆ ನೆಮ್ಮದಿ. ಅರ್ಧ ಗಂಟೆ ಓಡಿದ ಆಯಿಲ್ ಬಿಸಿ ಇರುವಾಗಲೇ ಬಸಿಯಿರಿ, ಎರಡನೆಯದನ್ನು 500 ಕಿಲೋಮೀಟರಿಗೆ. ಹೆಡ್ ನಟ್, ವಾಲ್ವ್ ಗ್ಯಾಪ್ ಆಗಲೇ ಇನ್ನೊಮ್ಮೆ.

ಪಾಯಿಂಟ್‌ಗ್ಯಾಪ್_ಉಪ್ಪಳ:

ದೊಡ್ಡ ಕೆಲಸ ಇಬ್ಬರೂ ಹೇಳಿದ್ದಾರೆ, ಸಣ್ಣದು ನನ್ನದು. ಇಲ್ಲೆಲ್ಲ ಎಣ್ಣೆ ಕಮ್ಮಿಯಾಗುವುದಕ್ಕಿಂತ ಜಾಸ್ತಿಯಾಗಿ ಹಾಳಾಗುವುದೇ ಹೆಚ್ಚು.

ಡಿಸ್ಟ್ರಿಬ್ಯೂಟರ್: ರೋಟರ್ ಎತ್ತಿ, ಅದರ ಕೆಳಗಿನ ಸ್ಕ್ರೂ ತಲೆಯ ಮೇಲೆ ಎರಡು ತೊಟ್ಟು ಎಂಜಿನ್ ಆಯಿಲ್. ಸ್ಕ್ರೂ ತೆಗೆಯಬೇಕಾಗಿಲ್ಲ, ಬದಿಯಿಂದಲೇ ಇಳೀತದೆ. ಕ್ಯಾಮಿನ ಸುತ್ತಲಿನ ಸಂದಿಯಿಂದ ಅಡ್ವಾನ್ಸ್ ವೆಯ್ಟಿಗೆ ಎರಡು ತೊಟ್ಟು. ಕ್ಯಾಮಿಗೆ ಅಕ್ಕಿ ಕಾಳಿನಷ್ಟು ಗ್ರೀಸ್. ಪಾಯಿಂಟಿನ ಮುಖಕ್ಕೆ ಎಣ್ಣೆ ಪಸೆ ತಾಗಿದರೆ ಸುಟ್ಟು ಕಪ್ಪಾಗಿ ಮಿಸ್ಸಿಂಗ್ ಶುರು. ಗ್ಯಾಪ್ 0.35ರಿಂದ 0.40 ಎಂಎಂ.

ಡೈನಮೋದ ಹಿಂಬದಿಯ ಬುಶ್ಶಿಗೆ ಸಣ್ಣ ತೂತುಂಟು, ಅಲ್ಲಿ ಮೂರು ತೊಟ್ಟು. ಸುರಿದರೆ ಆಯಿಲ್ ಕಮ್ಯುಟೇಟರಿಗೆ ಹೋಗ್ತದೆ. ಸೆಲ್ಫಿನ ಬೆಂಡಿಕ್ಸ್ ಪಿನಿಯನ್ನಿಗೆ ಆಯಿಲ್ ಗ್ರೀಸ್ ಬೇಡ, ಕ್ಲಚ್ಚಿನ ಧೂಳು ಅಂಟಿ ಪಿನಿಯನ್ ಅಲ್ಲೇ ನಿಲ್ತದೆ. ಚಿಮಿಣಿ ಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಸಾಕು. ವಾಟರ್ ಪಂಪಿನಲ್ಲಿ ಗ್ರೀಸ್ ಪ್ಲಗ್ ಇರುವ ಹಳೇ ನಮೂನೆಯಾದರೆ ಬೆರಳಲ್ಲಿ ಸ್ವಲ್ಪ ಗ್ರೀಸ್ ತುಂಬಿಸಿ. ಗನ್ ಹಿಡಿದು ಒತ್ತಿದರೆ ಗ್ರೀಸ್ ಬೇರಿಂಗ್ ದಾಟಿ ಕಾರ್ಬನ್ ಸೀಲಿನ ಮುಖಕ್ಕೆ ಹೋಗಿ ನೀರು ಸೋರ್ತದೆ.

ಎಸ್‌ಯು ಕಾರ್ಬುರೇಟರಿನ ಡ್ಯಾಶ್‌ಪಾಟಿಗೆ (ಮೇಲಿನ ಎಣ್ಣೆ ಕೊಳವೆಗೆ) ತೆಳು ಆಯಿಲ್, ಎಸ್‌ಎಇ 20. ಡ್ಯಾಂಪರ್ ಇಳಿಸುವಾಗ ಮುಚ್ಚಳದ ಥ್ರೆಡ್ಡಿಗೆ ಇನ್ನೂ 6 ಎಂಎಂ ಇರುವಾಗ ತಡೆ ಸಿಗಬೇಕು, ಅದೇ ಸರಿಯಾದ ಲೆವೆಲ್. ಏರ್ ಕ್ಲೀನರಿನ ಬಟ್ಟಲು ತೊಳೆದು ಎಂಜಿನ್ನಿಗೆ ಹಾಕಿದ ಆಯಿಲನ್ನೇ ಗೆರೆವರೆಗೆ ಹಾಕಿ. ಗೆರೆ ಮೀರಿದರೆ ಎಂಜಿನ್ ಅದನ್ನು ಎಳೆದು ನೀಲಿ ಹೊಗೆ ಬಿಡ್ತದೆ, ರಿಂಗ್ ಹೋಗಿದೆ ಅಂತ ಸುಮ್ಮನೆ ಹೆದರುತ್ತೀರಿ.

ಬ್ಯಾಟರಿ ಕೊಡುವ ಮೊದಲು ಬಾಡಿಗೆ ಕಟ್ಟಿದ ವೈರ್ ಯಾವುದು ನೋಡಿ. ಈ ಕಾಲದ ಲ್ಯೂಕಾಸ್ ವೈರಿಂಗಿನಲ್ಲಿ ಪಾಸಿಟಿವ್ ಅರ್ತ್, ಅಂದರೆ ಬಾಡಿಗೆ ಪ್ಲಸ್ ವೈರ್, ಇರಬಹುದು.

ಪೆರ್ಲ_ಮಾರ್ಕ್2:

ಹೆಡ್ ಪ್ಯಾಕಿಂಗೇ ಹೋಗಿತ್ತು, ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ. ಹೆಡ್ಡಿನಲ್ಲಿ ಕ್ರ್ಯಾಕ್ ಇಲ್ಲ. ಪ್ರೆಶರ್ ಮೂರನೇ ಸಲಕ್ಕೆ ಎದ್ದಿತು, ಸ್ಟಾರ್ಟೂ ಆಯಿತು, ಬಿಸಿಯಲ್ಲಿ 45. ಈಗ ಗೇರ್‌ಬಾಕ್ಸ್ ಕೂಡುವಲ್ಲಿ, ಕೆಳಗೆ ಒಂದು ಸ್ಪ್ಲಿಟ್ ಪಿನ್ ನೇತಾಡುತ್ತಿದೆ, ಅದರಿಂದ ಆಯಿಲ್ ತೊಟ್ಟಿಕ್ಕುತ್ತದೆ. ರಾತ್ರಿಗೆ ಐದಾರು ತೊಟ್ಟು. ಸೀಲ್ ಬದಲಿಸಬೇಕಾ?

ಮುಳ್ಳೇರಿಯ_ಲೇತ್:

ಬದಲಿಸಲಿಕ್ಕೆ ಅಲ್ಲಿ ಸೀಲೇ ಇಲ್ಲ. ಮೂರು ಮೇನ್ ಬೇರಿಂಗಿನ ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಹಿಂತುದಿಗೆ ಥ್ರೆಡ್ಡಿನಂಥ ಗೀರು ಕೊರೆದಿದ್ದಾರೆ. ತಿರುಗುವಾಗ ಅದು ಆಯಿಲನ್ನು ಒಳಕ್ಕೆ ತಳ್ತದೆ, ನಿಂತಾಗ ಸ್ವಲ್ಪ ಹೊರಗೆ ಬರ್ತದೆ. ಆ ಸ್ಪ್ಲಿಟ್ ಪಿನ್ ಇಟ್ಟದ್ದೇ ತೂತು ಮಣ್ಣಿನಲ್ಲಿ ಮುಚ್ಚದೆ, ಆಯಿಲ್ ಕ್ಲಚ್ಚಿಗೆ ಹೋಗದೆ ಹೊರಗೆ ಬೀಳಲಿ ಅಂತ. ಪಿನ್ ಕೀಳಬೇಡಿ. ತೊಟ್ಟು ಜಾಸ್ತಿಯಾದರೆ ಮೊದಲು ಲೆವೆಲ್ ಮೇಲಿನ ಗೆರೆ ದಾಟಿದೆಯಾ, ಟ್ಯಾಪೆಟ್ ಬದಿಯ ಬ್ರೀದರ್ ಪೈಪ್ ಕಟ್ಟಿದೆಯಾ ನೋಡಿ. ಕೆಳಗೊಂದು ಹಳೇ ತಟ್ಟೆ ಇಡಿ.